ಒಂದು ದಿನದ ಖರ್ಚು

ಇಬ್ಬರು ಗೆಳತಿಯರಿಗೂ ಅಡ್ಡಹೆಸರು ಬಿದ್ದದ್ದು ಕಾಲೇಜಿನಲ್ಲಿ. ಒಬ್ಬಳು ಲೆಕ್ಕಿ. ಕ್ಯಾಂಟೀನಿನಲ್ಲಿ ಎಲ್ಲರೂ ಕೂತು ತಿಂದರೆ, ಬಿಲ್ಲು ಬರುವುದಕ್ಕೆ ಮೊದಲೇ ಯಾರ ಪಾಲು ಎಷ್ಟು ಎಂದು ಹೇಳಿಬಿಡುತ್ತಿದ್ದಳು. ಅವಳ ಬಾಯಿಂದ ಬಂದ ಮೊತ್ತ ಬಿಲ್ಲಿನಲ್ಲಿ ಬರದಿದ್ದರೆ ಬಿಲ್ಲೇ ತಪ್ಪು ಎಂದು ಗೆಳತಿಯರು ನಗುತ್ತಿದ್ದರು. ಇನ್ನೊಬ್ಬಳು ಬುಗುರಿ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಓದು ಮುಗಿದ ಮೇಲೆ ಬೆನ್ನಿಗೊಂದು ಚೀಲ ಏರಿಸಿಕೊಂಡು ಅರ್ಧ ವರ್ಷ ದೇಶದೇಶ ಸುತ್ತಬೇಕು ಎಂಬ ಮಾತು ಹುಟ್ಟಿದ್ದು ಬುಗುರಿಯ ಬಾಯಲ್ಲಿ. ಅದು ಬರೀ ಬಾಯಿಮಾತಾಗಿ ಆವಿಯಾಗದಂತೆ ನೋಡಿಕೊಂಡವಳು ಲೆಕ್ಕಿ.

ಎರಡು ವರ್ಷ ದುಡಿದು ಕೂಡಿಡುವುದೆಂದು ಪರೀಕ್ಷೆ ಮುಗಿದ ಬೆನ್ನಿಗೇ ಇಬ್ಬರೂ ಕೆಲಸ ಹಿಡಿದರು. ಲೆಕ್ಕಿ ಒಂದು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಕಲಿತಳು. ಬುಗುರಿ ಈಜುಕೊಳದಲ್ಲಿ ಪುಟ್ಟ ಮಕ್ಕಳಿಗೆ ಈಜು ಕಲಿಸಲು ಸೇರಿದಳು. ಅವಳ ಕೂದಲಿಗೆ ಸದಾ ಕ್ಲೋರಿನ್ ವಾಸನೆ. ಪ್ರತಿ ಶನಿವಾರ ಸಂಜೆ ಬುಗುರಿಯ ಮನೆಯ ಅಡುಗೆಕೋಣೆಯ ಮೇಜಿನ ಮುಂದೆ ಇಬ್ಬರೂ ಕೂರುತ್ತಿದ್ದರು. ಯಾವ ದೇಶದಲ್ಲಿ ಎಷ್ಟು ದಿನ, ಮಲಗಲು ಹಾಸಿಗೆಗೆ ಎಷ್ಟು, ಊಟಕ್ಕೆ ಎಷ್ಟು, ಬಸ್ಸಿಗೆ ಎಷ್ಟು. ಎಲ್ಲ ಕೂಡಿ ಭಾಗಿಸಿದರೆ ಕೊನೆಗೆ ಉಳಿಯುವುದು ದೇಶಕ್ಕೊಂದು ಸಂಖ್ಯೆ. ಅದಕ್ಕೆ ಲೆಕ್ಕಿ 'ಒಂದು ದಿನದ ಖರ್ಚು' ಎಂದು ಹೆಸರಿಟ್ಟಿದ್ದಳು. ಆ ಗೆರೆ ದಾಟಬಾರದು.

"ಸೋಪಿಗೂ ಲೆಕ್ಕ ಹಾಕಿದೀಯಲ್ಲೇ," ಅಂದಳು ಬುಗುರಿ ಒಂದು ದಿನ.

"ಇಬ್ಬರಿಗೂ ಸೇರಿ ಒಂದೇ ಸೋಪು. ಅರ್ಧ ಮಾಡ್ಕೊಂಡ್ರೆ ಸಾಕು."

"ಅರ್ಧ ಸೋಪಲ್ಲಿ ನನ್ನ ಅರ್ಧ ಮೈ ತೊಳ್ಕೋತೀನಿ. ಮಿಕ್ಕರ್ಧ ಊರಿಗೆ ಬಂದ್ಮೇಲೆ."

ಬುಗುರಿಯ ಅಮ್ಮ ಒಲೆಯ ಮುಂದೆ ನಿಂತು ನಗುತ್ತಿದ್ದರು. ಆಕೆ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ತಮ್ಮನೇ ಈ ಮನೆಗೆ ಆಸರೆ. ಆ ಸೋದರಮಾವನಿಗೆ ನಲ್ಲಿ, ಪೈಪು ಮಾರುವ ದೊಡ್ಡ ಅಂಗಡಿಯಿತ್ತು. ಬುಗುರಿ ಕೇಳಿದರೆ ಇಲ್ಲವೆನ್ನುವ ಆಸಾಮಿಯಲ್ಲ.

ಲೆಕ್ಕಿಯ ಮನೆಯ ಕಥೆ ಬೇರೆ. ಅಪ್ಪ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದವರು, ಸೊಂಟನೋವಿನಿಂದ ಮನೆಯಲ್ಲಿದ್ದರು. ಅಮ್ಮ ಆಸ್ಪತ್ರೆಯ ಹೊದಿಕೆ, ಹಾಸುಗಳಿಗೆ ಇಸ್ತ್ರಿ ಹಾಕುವ ಕೆಲಸದಲ್ಲಿದ್ದರು. ಪ್ರವಾಸದ ಸುದ್ದಿ ಹೇಳಿದ ದಿನ ಅಮ್ಮ ಬೇಡವೆನ್ನಲಿಲ್ಲ. "ನೀನು ಕೂಡಿಟ್ಟಿದ್ದು ನಿಂದು. ಅದಕ್ಕೆ ನಾವು ಕೈ ಹಾಕಲ್ಲ. ಆದ್ರೆ ಅಲ್ಲಿಂದ ಫೋನ್ ಮಾಡಿ ಕಳಿಸಮ್ಮ ಅಂದ್ರೆ ಕಳಿಸೋಕೆ ನಮ್ಮ ಹತ್ರ ಏನೂ ಇರಲ್ಲ. ಅದೊಂದು ತಿಳ್ಕೊಂಡು ಹೋಗು," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದರು, ಅಷ್ಟೆ. ಆ ಮಾತನ್ನು ಲೆಕ್ಕಿ ಬುಗುರಿಗೆ ಯಾವತ್ತೂ ಹೇಳಲಿಲ್ಲ. ತನ್ನೊಳಗೇ ಇಟ್ಟುಕೊಂಡಳು, ಅದು ಒಳಗೇ ಬೆಳೆಯಿತು.

ಮೊದಲು ಬಸ್ಸು ಬಿಟ್ಟು ಕೆಲಸಕ್ಕೆ ನಡೆದು ಹೋಗತೊಡಗಿದಳು. ಆಮೇಲೆ ಮಧ್ಯಾಹ್ನದ ಟೀ ಬಿಟ್ಟಳು. ಆಮೇಲೆ ಚಿಕ್ಕಮ್ಮನ ಮಗಳ ಮದುವೆಗೆ ತಲೆನೋವಿನ ನೆಪ ಹೇಳಿ ಹೋಗಲಿಲ್ಲ, ಉಡುಗೊರೆ ಕೊಡಬೇಕಾಗುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ಅವಳು ಮುದುಡಿ ಮಲಗುವುದನ್ನೇ ಅಭ್ಯಾಸ ಮಾಡಿಕೊಂಡಳು. ಕನಸಿನಲ್ಲಿ ಗೊತ್ತಿಲ್ಲದ ಯಾವುದೋ ನಿಲ್ದಾಣ, ಭಾಷೆ ಬಾರದ ಜನ, ತಡಕಿದರೆ ಖಾಲಿ ಜೇಬು. ಬುಗುರಿ ಹೊಸ ಚಪ್ಪಲಿ ಕೊಂಡರೆ ಲೆಕ್ಕಿಗೆ ತನ್ನ ಜೇಬಿನಿಂದ ಯಾರೋ ಕದ್ದಂತೆ ಸಂಕಟ.

"ಹಳೇದು ಚೆನ್ನಾಗೇ ಇತ್ತಲ್ಲ?"

"ಬಾರು ಕಿತ್ತೋಗಿತ್ತು ಕಣೇ."

"ಹೊಲಿಸಬಹುದಿತ್ತು."

"ಅಯ್ಯೋ, ಕಡಿಮೆ ಬಿದ್ರೆ ಮಾವನಿಗೆ ಹೇಳಿದ್ರಾಯ್ತು, ಕಳಿಸ್ತಾರೆ. ಯಾಕಿಷ್ಟು ಒದ್ದಾಡ್ತೀಯಾ?"

"ನಿಂಗೆ ಮಾವ ಇದಾರೆ," ಅಂದಳು ಲೆಕ್ಕಿ.

ಆ ಸಂಜೆ ಮತ್ತೆ ಲೆಕ್ಕದ ಮಾತು ಏಳಲಿಲ್ಲ. ಅಂದಿನಿಂದ ಲೆಕ್ಕಿಯ ಮುಂದೆ ಏನಾದರೂ ಕೊಳ್ಳುವಾಗ ಬುಗುರಿ ಒಂದು ಗಳಿಗೆ ಅವಳ ಮುಖ ನೋಡತೊಡಗಿದಳು, ಎಷ್ಟೋ ಸಲ ಕೊಳ್ಳದೆ ಬಿಟ್ಟಳು. ಲೆಕ್ಕಿ ಆ ನೋಟವನ್ನು ಗಮನಿಸಲಿಲ್ಲ. ಗೆಳತಿಗೆ ಕೊನೆಗೂ ಬುದ್ಧಿ ಬಂತೆಂದು ಸಮಾಧಾನಪಟ್ಟಳು.

ವಿಮಾನದ ಟಿಕೆಟ್ ಕೊಂಡರು. ಎಲ್ಲಕ್ಕಿಂತ ಅಗ್ಗದ್ದು, ಹೋಗದಿದ್ದರೆ ದುಡ್ಡು ವಾಪಸಿಲ್ಲ. ಲೆಕ್ಕಿ ಕೆಲಸ ಬಿಡುವುದಾಗಿ ಅಂಗಡಿಯಲ್ಲಿ ಹೇಳಿದಳು. ಹೊರಡುವ ದಿನ ಹತ್ತಿರವಾದಂತೆ ಅವಳಿಗೆ ಒಂದೇ ಅನುಮಾನ: ಕಾಗದದ ಮೇಲೆ ಎಲ್ಲ ಸರಿಯಿದೆ, ಆದರೆ ಅಷ್ಟು ದುಡ್ಡಿನಲ್ಲಿ ನಿಜವಾಗಿ ಒಂದು ದಿನ ಕಳೆಯಲಾಗುತ್ತದೆಯೆ?

"ಒಂದು ತಾಲೀಮು ಮಾಡೋಣ," ಅಂದಳು. "ಶನಿವಾರ ಭಾನುವಾರ. ಗುಡ್ಡದ ಮೇಲಿನ ಕೆರೆ ಊರಿಗೆ ಹೋಗಿ ಬರೋಣ. ಅಗ್ಗದ ದೇಶಕ್ಕೆ ಅಂತ ಇಟ್ಟಿದೀವಲ್ಲ, ಅಷ್ಟರಲ್ಲೇ. ಬ್ಯಾಂಕಿನ ಕಾರ್ಡು ಮನೆಯಲ್ಲೇ ಬಿಡಬೇಕು. ಫೋನಿಂದಲೂ ದುಡ್ಡು ಕೊಡೋ ಹಾಗಿಲ್ಲ."

"ಗೆದ್ರೆ ಏನ್ ಕೊಡ್ತೀಯಾ?"

"ಗೆದ್ರೆ ಆರು ತಿಂಗಳು ಇದೇ."

"ಅಮ್ಮಾ," ಅಂದಳು ಬುಗುರಿ ಒಲೆಯ ಕಡೆ ತಿರುಗಿ, "ಇವಳು ಮದುವೆಗೆ ಮೊದಲೇ ನಂಗೆ ಅತ್ತೆ ಆಗ್ಬಿಟ್ಲು."

ಶನಿವಾರ ಚೆನ್ನಾಗಿಯೇ ಕಳೆಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಡಿದರು. ಸಾಲು ಮಂಚಗಳ ಅಗ್ಗದ ಹಾಸ್ಟೆಲಿನಲ್ಲಿ ಮೇಲೊಂದು ಕೆಳಗೊಂದು ಹಾಸಿಗೆ ಹಿಡಿದರು. ಮನೆಯಿಂದ ಬೇಯಿಸಿ ತಂದ ಮೊಟ್ಟೆ, ಬ್ರೆಡ್ಡು ತಿಂದು ಕೆರೆಯ ಸುತ್ತ ನಡೆದರು. ದೋಣಿಗೆ ದುಡ್ಡು ಕೇಳಿದರು. ದೋಣಿ ಬಿಟ್ಟು ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತರು. ಸಂಜೆ ಸೊಂಟದ ಚೀಲದಲ್ಲಿ ಉಳಿದದ್ದನ್ನು ಎಣಿಸಿದಾಗ ಲೆಕ್ಕಿಯ ಮುಖ ಅರಳಿತು. ಬಹಳ ದಿನದ ಮೇಲೆ ಅವಳು ಹಾಗೆ ನಕ್ಕಿದ್ದಳು. ಆ ನಗು ನೋಡಿ ಬುಗುರಿಗೂ ಹಿಗ್ಗಾಯಿತು.

ಭಾನುವಾರ ಬೆಳಿಗ್ಗೆ ಬುಗುರಿ ಏಳುವಾಗಲೇ ಹೊಟ್ಟೆ ಹಿಡಿದುಕೊಂಡಿದ್ದಳು. "ಹೊಕ್ಕುಳ ಹತ್ರ ಒಂಥರಾ ಆಗ್ತಿದೆ."

"ನಿನ್ನೆ ಮೂರು ಮೊಟ್ಟೆ ತಿಂದೆಯಲ್ಲ, ಅದರ ಪ್ರತಾಪ. ಬಿಸಿನೀರು ಕುಡಿ."

ಬಿಸಿನೀರು ಕುಡಿದು ಗುಡ್ಡ ಹತ್ತಲು ಹೊರಟರು. ತುದಿಯಲ್ಲೊಂದು ಹಳೆಯ ಕಾವಲು ಗೋಪುರವಿತ್ತು. ನೋಡಲು ದುಡ್ಡಿಲ್ಲ ಎಂಬ ಕಾರಣಕ್ಕೆ ಲೆಕ್ಕಿ ಅದನ್ನು ಆರಿಸಿದ್ದಳು. ಈಜುಕೊಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಮೀನಿನಂತೆ ಹೋಗುವ ಹುಡುಗಿ ಅಂದು ತಿರುವಿಗೊಮ್ಮೆ ಕಲ್ಲಿನ ಮೇಲೆ ಕೂತಳು. ಒಂದು ಕಡೆ ಪೊದೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಬಂದವಳು ಬಾಯಿ ಒರೆಸಿಕೊಂಡು, "ಮೊಟ್ಟೆ ಲೆಕ್ಕದಿಂದ ಹೊರಗೆ ಹೋಯ್ತು. ಕಳೆದುಬಿಡು," ಅಂದಳು. ಇಬ್ಬರೂ ನಕ್ಕರು. ಆದರೆ ಗೋಪುರದ ಬುಡ ತಲುಪುವ ಹೊತ್ತಿಗೆ ಅವಳ ತುಟಿ ಬಿಳಿಚಿಕೊಂಡಿತ್ತು. ನೋವು ಹೊಕ್ಕುಳಿಂದ ಬಲಗಡೆಗೆ ಇಳಿದಿತ್ತು. ನೆಟ್ಟಗೆ ನಿಲ್ಲಲು ಆಗದೆ ಒಂದು ಪಕ್ಕಕ್ಕೆ ಬಾಗಿ ನಿಂತಳು.

ಅಲ್ಲೊಂದು ಬಸ್ಸಿನ ತಂಗುದಾಣ, ಪಕ್ಕದಲ್ಲಿ ಟೀ ಅಂಗಡಿ, ಅದರ ಮುಂದೆ ಒಂದು ಜೀಪು. ಜೀಪಿನವನು ಮಧ್ಯವಯಸ್ಸಿನ ಸಾಧು ಮನುಷ್ಯ. ಬುಗುರಿಯನ್ನು ನೋಡಿ ತಾನೇ ಹತ್ತಿರ ಬಂದ.

"ಹುಷಾರಿಲ್ವೇನಮ್ಮ? ಕೆಳಗೆ ಆಸ್ಪತ್ರೆ ಬಾಗಿಲಿಗೇ ಬಿಡ್ತೀನಿ ಬನ್ನಿ."

"ಎಷ್ಟಾಗತ್ತೆ?" ಲೆಕ್ಕಿ ಕೇಳಿದಳು.

ಅವನು ಹೇಳಿದ. ಅದು ಇಬ್ಬರ ಒಂದು ದಿನದ ಖರ್ಚನ್ನೂ ನುಂಗಿ ಮೇಲೆ ಇನ್ನಷ್ಟು ಕೇಳುವಂತಿತ್ತು. ಚೀಲದಲ್ಲಿ ಅಷ್ಟು ದುಡ್ಡು ಇತ್ತು. ಊರಿಗೆ ಹಿಂದಿರುಗುವ ಬಸ್ಸಿನದೂ ಸೇರಿದರೆ ಇತ್ತು.

"ಅರ್ಧಕ್ಕೆ ಬರ್ತೀರಾ?"

"ಪೆಟ್ರೋಲಿಗೇ ಅಷ್ಟಾಗತ್ತಮ್ಮ. ಹೋಗಲಿ, ಒಂಚೂರು ಕಡಿಮೆ ಕೊಡಿ."

ಲೆಕ್ಕಿ ಬುಗುರಿಯ ಕಡೆ ತಿರುಗಿದಳು. "ಬಸ್ಸು ಇನ್ನೇನು ಬರೋ ಹೊತ್ತು. ಕಾಯಕ್ಕೆ ಆಗತ್ತಾ ನಿಂಗೆ?"

ಬುಗುರಿ ಅವಳ ಮುಖವನ್ನೇ ನೋಡಿದಳು. "ಆಗತ್ತೆ," ಅಂದಳು.

ಜೀಪಿನವನು ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿದ. ಬೇರೆ ಯಾರೋ ಪ್ರವಾಸಿಗರು ಕರೆದರು, ಅವರನ್ನು ಹತ್ತಿಸಿಕೊಂಡು ಹೊರಟುಹೋದ.

ಇನ್ನೇನು ಬರಬೇಕಿದ್ದ ಬಸ್ಸು ಬರಲಿಲ್ಲ. ತಂಗುದಾಣದ ಸಿಮೆಂಟು ಬೆಂಚಿನ ಮೇಲೆ ಬುಗುರಿ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದಳು. ಮುಟ್ಟಿದರೆ ಬೇಡವೆನ್ನುತ್ತಿದ್ದಳು. ಲೆಕ್ಕಿ ರಸ್ತೆಯ ತಿರುವಿಗೆ ಓಡಿ ನೋಡುವುದು, ಬಂದು ಕೂರುವುದು, ಮತ್ತೆ ಓಡುವುದು. ಟೀ ಅಂಗಡಿಯವಳನ್ನು ಕೇಳಿದರೆ, "ಭಾನುವಾರ ಅಲ್ವಾ, ಬಂದಾಗ ಬರತ್ತೆ," ಅಂದಳು. ಜೀಪು ವಾಪಸು ಬಂದೀತೇ ಎಂದು ಲೆಕ್ಕಿ ಈಗ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಬಂದರೆ ಕೇಳಿದಷ್ಟು ಕೊಟ್ಟುಬಿಡುತ್ತೇನೆ ಎಂದುಕೊಂಡಳು. ಅದು ಬರಲಿಲ್ಲ.

ಕಡೆಗೂ ಬಸ್ಸು ಬಂತು. ಹತ್ತಿ ಕೂತ ಸ್ವಲ್ಪ ಹೊತ್ತಿಗೆ ಬುಗುರಿ ತಲೆಯೆತ್ತಿ ಆಶ್ಚರ್ಯದಿಂದ, "ನೋವು ಕಡಿಮೆ ಆಯ್ತು ಕಣೇ. ಒಂದೇ ಸಲಕ್ಕೆ," ಅಂದಳು.

"ನೋಡಿದ್ಯಾ? ಗ್ಯಾಸೇ ಅದು."

ಲೆಕ್ಕಿಗೆ ಹೋದ ಜೀವ ಬಂದಂತಾಯಿತು. ಬುಗುರಿ ಅವಳ ಹೆಗಲಿಗೊರಗಿ ಕಣ್ಣು ಮುಚ್ಚಿದಳು. ಬಸ್ಸು ತಿರುವು ತಿರುವು ಇಳಿಯುತ್ತಿದ್ದಾಗ ಲೆಕ್ಕಿ ಮನಸ್ಸಿನಲ್ಲೇ ಕೂಡಿ ಕಳೆದಳು. ಜೀಪು ಉಳಿಯಿತು. ಗೆರೆ ದಾಟಿರಲಿಲ್ಲ. ಎರಡು ದಿನವೂ ಗೆದ್ದಿದ್ದರು. ಸಣ್ಣದೊಂದು ಖುಷಿ ಒಳಗೆ ಎದ್ದಿತು. ಮುಂದೆ ಅವಳು ಎಲ್ಲವನ್ನೂ ಮರೆಯಬಹುದಿತ್ತೇನೋ, ಆ ಖುಷಿಯೊಂದನ್ನು ಮರೆಯಲಾಗಲಿಲ್ಲ.

ಹಾಸ್ಟೆಲಿನಲ್ಲಿ ಚೀಲ ಕಟ್ಟಿಕೊಂಡು ಊರಿನ ಬಸ್ಸಿಗೆ ಹೊರಡಬೇಕಿತ್ತು. ಬುಗುರಿ ಸ್ವಲ್ಪ ಮಲಗುತ್ತೇನೆಂದು ಕೆಳಗಿನ ಹಾಸಿಗೆಯಲ್ಲಿ ಉರುಳಿಕೊಂಡಳು. ಲೆಕ್ಕಿ ಅವಳ ಬಟ್ಟೆ ಮಡಿಚಿಟ್ಟು ಎಬ್ಬಿಸಲು ಹೋದರೆ ಮೈ ಕೆಂಡ. ಹಲ್ಲು ಕಟಕಟ ಎನ್ನುತ್ತಿತ್ತು. ಲೆಕ್ಕಿ ಕೆಳಗಿಳಿದು ಹೋಗಿ ಹಾಸ್ಟೆಲಿನ ಯಜಮಾನಿಯನ್ನು ಕರೆತಂದಳು. ಆಕೆ ಬುಗುರಿಯ ಹೊಟ್ಟೆಯ ಮೇಲೆ ಕೈಯಿಟ್ಟಳು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು; ಬುಗುರಿ ಚೀರಿದಳು. ಯಜಮಾನಿ ಲೆಕ್ಕಿಯನ್ನು ಏನೂ ಕೇಳಲಿಲ್ಲ. ಕಿಟಕಿಯಿಂದ ಬಗ್ಗಿ ಮೈದುನನನ್ನು ಕೂಗಿ ಕಾರು ತೆಗೆಯಲು ಹೇಳಿದಳು.

ಆಸ್ಪತ್ರೆಯಲ್ಲಿ ಗಾಲಿಮಂಚ ಬಾಗಿಲಾಚೆ ಮರೆಯಾದ ಮೇಲೆ ಒಬ್ಬ ಎಳೆಯ ವೈದ್ಯೆ ಬಂದು ಕೇಳಿದರು. "ನೋವು ಯಾವಾಗ ಶುರುವಾಯ್ತು?"

"ಮಧ್ಯಾಹ್ನ," ಅಂದಳು ಲೆಕ್ಕಿ.

ವೈದ್ಯೆ ತಲೆಯಾಡಿಸಿ ಹೊರಟರು. ಲೆಕ್ಕಿ ಕುರ್ಚಿಯಲ್ಲಿ ಕೂತಳು. ಎದ್ದಳು. ಯಾಕೆ ಹಾಗೆ ಹೇಳಿದೆನೆಂದು ಅವಳಿಗೇ ತಿಳಿಯಲಿಲ್ಲ. ಬಾಯಿ ತಾನಾಗಿ ಹೇಳಿತ್ತು. ನಡುವೆ ಅಷ್ಟು ಹೊತ್ತು ಏನು ಮಾಡುತ್ತಿದ್ದೆ ಎಂದು ಅವರು ಕೇಳುವುದಕ್ಕೆ ಮೊದಲೇ ಹೆದರಿಬಿಟ್ಟಿದ್ದಳು. ಓಡಿ ಹೋಗಿ ವೈದ್ಯೆಯನ್ನು ತಡೆದಳು.

"ಬೆಳಿಗ್ಗೆ ಮೇಡಂ. ಬೆಳಿಗ್ಗೆ ಏಳುವಾಗಲೇ ಇತ್ತು. ವಾಂತಿ ಆಯ್ತು. ಆಮೇಲೆ ಬಲಗಡೆ ಬಂತು. ಬಸ್ಸಲ್ಲಿ ಒಂದೇ ಸಲಕ್ಕೆ ಕಡಿಮೆ ಆಯ್ತು ಅಂದ್ಲು."

ವೈದ್ಯೆಯ ಮುಖ ಬದಲಾಯಿತು. "ಕಡಿಮೆ ಆಗಿದ್ದಲ್ಲ ಅದು," ಅಂದರು. "ಅಪೆಂಡಿಕ್ಸ್ ಒಡೆದಿದೆ."

ಅವರು ಬೇಗ ಬೇಗ ಹೋದರು.

ಲೆಕ್ಕಿಯ ಫೋನು ಸಿಕ್ಕಿ ಬುಗುರಿಯ ಅಮ್ಮನೂ ಮಾವನೂ ಬಂದು ಮುಟ್ಟುವಷ್ಟರಲ್ಲಿ ಆಪರೇಶನ್ ನಡೆಯುತ್ತಿತ್ತು. ಅಮ್ಮ ಕಚೇರಿಗೆ ಉಡುವ ಬಟ್ಟೆಯಲ್ಲೂ ಅಲ್ಲ, ಮನೆಯಲ್ಲಿ ಉಡುವ ಬಟ್ಟೆಯಲ್ಲೂ ಅಲ್ಲ. ಕೈಗೆ ಸಿಕ್ಕಿದ್ದನ್ನು ಸುತ್ತಿಕೊಂಡು ಬಂದಿದ್ದರು. ಲೆಕ್ಕಿಯನ್ನು ಕಂಡದ್ದೇ ಬಾಚಿ ತಬ್ಬಿಕೊಂಡರು. "ನೀನಿದ್ದೆ ಅಂತ ಜೀವ ಉಳೀತು ಮಗಳೇ. ನೀನಿಲ್ದಿದ್ರೆ ಗೊತ್ತಿಲ್ಲದ ಊರಲ್ಲಿ ಅವಳ ಗತಿ ಏನಾಗ್ತಿತ್ತು?" ಮಾವ ಅವಳ ಬೆನ್ನು ಸವರಿ, "ಏನಾದ್ರೂ ತಿಂದ್ಯೇನಮ್ಮ?" ಎಂದು ಕೇಳಿದರು. ಅವಳ ಮೌನವನ್ನು ಅವರು ಭಯವೆಂದುಕೊಂಡರು. ಮಾವ ಕೊಂಡು ತಂದ ಬನ್ನನ್ನು ಅವಳು ಪೂರ್ತಿ ತಿಂದಳು.

ಬುಗುರಿ ಉಳಿದಳು. ಆದರೆ ಸುಲಭವಾಗಿ ಅಲ್ಲ. ಹೊಟ್ಟೆಯೊಳಗೆಲ್ಲ ಕೀವು ಹರಡಿತ್ತು. ತೊಳೆದು, ಉಳಿದದ್ದು ಬಸಿಯಲು ಪಕ್ಕೆಯಲ್ಲಿ ಒಂದು ನಳಿಕೆ ಬಿಟ್ಟಿದ್ದರು. ಊರಿನ ಆಸ್ಪತ್ರೆಗೆ ಸಾಗಿಸಿದ ಮೇಲೆ ಜ್ವರ ಮತ್ತೆ ಏರಿತು, ಒಳಗೆ ಮತ್ತೆ ಕೀವು ಸೇರಿತ್ತು, ಎರಡನೇ ಸಲ ಕತ್ತರಿ ಹಾಕಿದರು. ನೀರಿನಲ್ಲಿ ಬೆಳೆದ ಆ ಗಟ್ಟಿ ತೋಳುಗಳು ಹಾಸಿಗೆಯ ಮೇಲೆ ಕಡ್ಡಿಯಾಗಿ ಬಿದ್ದಿದ್ದವು. ಲೆಕ್ಕಿ ದಿನವೂ ಹೋದಳು. ಫ್ಲಾಸ್ಕು ತೊಳೆದಳು, ತಲೆ ಬಾಚಿದಳು, ಅಮ್ಮ ಮನೆಗೆ ಹೋಗಿ ಸ್ನಾನ ಮಾಡಿ ಬರುವವರೆಗೆ ಪಕ್ಕದಲ್ಲಿ ಕೂತಳು. ಬುಗುರಿಯ ಅಮ್ಮ ನೋಡಲು ಬಂದವರಿಗೆಲ್ಲ, "ಒಡಹುಟ್ಟಿದ ತಂಗೀನೂ ಹೀಗೆ ನೋಡ್ಕೊಳ್ಳಲ್ಲ," ಎನ್ನುತ್ತಿದ್ದರು. ಪ್ರತಿ ಸಲವೂ ಲೆಕ್ಕಿ ನೀರು ತರುವ ನೆಪದಲ್ಲಿ ಹೊರಗೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಆಸ್ಪತ್ರೆಯ ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಬುಗುರಿಯ ಅಮ್ಮ, ಲೆಕ್ಕಿ ಇಬ್ಬರೇ ಇದ್ದರು. ಆಕೆ ಮತ್ತೆ ಅದೇ ಮಾತು ಆಡಿದರು.

"ಆಂಟಿ, ಹಾಗನ್ಬೇಡಿ," ಅಂದಳು ಲೆಕ್ಕಿ. "ಗುಡ್ಡದ ಮೇಲೆ ಜೀಪು ಇತ್ತು. ಆಸ್ಪತ್ರೆಗೆ ಬಿಡ್ತೀನಿ ಅಂತ ಅವನೇ ಹೇಳಿದ. ನಾನು ಬೇಡ ಅಂದೆ."

ಆಕೆಯ ಕೈ ನಲ್ಲಿಯ ಕೆಳಗೆ ಹಾಗೇ ನಿಂತಿತು. "ಯಾಕೆ?"

"ದುಡ್ಡು ಜಾಸ್ತಿ ಕೇಳಿದ."

"ಎಷ್ಟು ಕೇಳಿದ?"

ಲೆಕ್ಕಿ ಹೇಳಿದಳು.

"ಅಷ್ಟೇನಾ?" ಅಂದರು ಆಕೆ.

ನಲ್ಲಿಯ ನೀರು ಲೋಟದಿಂದ ಉಕ್ಕಿ ಹರಿಯುತ್ತಲೇ ಇತ್ತು. ಬೈದಿದ್ದರೆ ಲೆಕ್ಕಿ ತಡೆದುಕೊಳ್ಳುತ್ತಿದ್ದಳು. ಬೈಗುಳಕ್ಕೆ ಅವಳು ಸಿದ್ಧವಾಗಿಯೇ ಬಂದಿದ್ದಳು. ಆಕೆ ನಲ್ಲಿ ನಿಲ್ಲಿಸಿ, ಲೋಟಗಳನ್ನು ಒಂದರೊಳಗೊಂದು ಜೋಡಿಸಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡರು. "ಇವತ್ತು ನೀನು ಮನೆಗೆ ಹೋಗು. ಸ್ವಲ್ಪ ದಿನ ಬರೋದು ಬೇಡ. ಅವಳಿಗೆ ನಾನೇ ಏನಾದ್ರೂ ಹೇಳ್ಕೋತೀನಿ," ಅಂದರು. ದನಿ ಏರಲಿಲ್ಲ.

ಮನೆಗೆ ಬಂದ ಲೆಕ್ಕಿ ತನ್ನ ಅಮ್ಮನ ಹತ್ತಿರವೂ ಎಲ್ಲ ಹೇಳಿದಳು. ಅಮ್ಮ ಕೇಳಿಸಿಕೊಂಡರು. "ಆ ದಿನ ನಾನು ಅಂದ ಮಾತು ನಿನ್ನ ತಲೇಲಿ ಇತ್ತಾ?" ಅಂದರು.

"ಇಲ್ಲಮ್ಮ," ಅಂದಳು ಲೆಕ್ಕಿ. ಅಮ್ಮ ನಂಬಲಿಲ್ಲ. ಇಬ್ಬರೂ ಮತ್ತೆ ಆ ಮಾತೆತ್ತಲಿಲ್ಲ.

ಬುಗುರಿ ಮನೆಗೆ ಬಂದ ಮೇಲೆ ತಾನೇ ಫೋನು ಮಾಡಿದಳು. "ಅಮ್ಮ ಆಫೀಸಿಗೆ ಹೋಗಿದಾಳೆ. ಬಾ."

ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ಮುಖದಲ್ಲಿ ಕಣ್ಣು ಎರಡೇ ಕಾಣುವಷ್ಟು ಸೊರಗಿದ್ದಳು. ಲೆಕ್ಕಿ ಬಾಗಿಲಲ್ಲೇ ನಿಂತಳು.

"ಒಳಗೆ ಬಾರೇ. ಕಚ್ಚಲ್ಲ."

ಲೆಕ್ಕಿ ಕುರ್ಚಿಯ ತುದಿಯಲ್ಲಿ ಕೂತಳು.

"ಅಮ್ಮನಿಗೆ ಯಾಕೆ ಹೇಳ್ದೆ?" ಬುಗುರಿಯೇ ಕೇಳಿದಳು. "ನಾನು ಹೇಳಿರಲಿಲ್ಲ."

"ಹೊಗಳ್ತಾ ಇದ್ರು. ತಡ್ಕೊಳ್ಳೋಕೆ ಆಗಲಿಲ್ಲ."

"ಹಾಗಾದ್ರೆ ನಿನ್ನ ಭಾರ ಇಳಿಸ್ಕೊಂಡೆ. ಅವಳಿಗೆ ಈಗ ನಿದ್ದೆ ಬರಲ್ಲ."

ಲೆಕ್ಕಿ ತಲೆ ತಗ್ಗಿಸಿದಳು.

"ನಾನು ಕೇಳ್ದಾಗ ಆಗಲ್ಲ ಅನ್ನಬಹುದಿತ್ತಲ್ಲ ನೀನು," ಅಂದಳು ಲೆಕ್ಕಿ. "ಅಷ್ಟು ನೋವಿತ್ತು ಅಂದ್ಮೇಲೆ. ಯಾಕೆ ಆಗತ್ತೆ ಅಂದೆ?"

ಬುಗುರಿ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ನಿಂಗೆ ಹೆದರಿದ್ದೆ," ಅಂದಳು.

"ನಂಗಾ?"

"ಹೂಂ. ಚಪ್ಪಲಿಗೆ ಹೆದರಿದ್ದೆ, ಐಸ್‌ಕ್ರೀಮಿಗೆ ಹೆದರಿದ್ದೆ. ನಿನ್ನ ಮುಖ ಒಂಥರಾ ಆಗತ್ತಲ್ಲ, ಅದನ್ನ ನೋಡೋದಕ್ಕಿಂತ ನೋವೇ ವಾಸಿ ಅನ್ನಿಸ್ತು. ಆರು ತಿಂಗಳು ಜೊತೇಲಿರಬೇಕಾದವಳು ಅಂತ ಸುಮ್ಮನಿದ್ದೆ." ಹೊದಿಕೆಯ ಅಂಚು ಬಿಟ್ಟು ಹೇಳಿದಳು. "ನೀನೊಬ್ಳೇ ತಪ್ಪು ಮಾಡಿದೆ ಅಂತ ನಾನು ಹೇಳ್ತಿಲ್ಲ. ನನಗೂ ಬಾಯಿತ್ತು."

"ನನ್ನ ಹತ್ರ ಮುಗಿದ್ರೆ ಕಳಿಸೋರು ಯಾರೂ ಇರಲಿಲ್ಲ ಕಣೇ," ಅಂದಳು ಲೆಕ್ಕಿ. ಎರಡು ವರ್ಷದಲ್ಲಿ ಮೊದಲ ಸಲ ಆ ಮಾತು ಹೊರಗೆ ಬಂದಿತ್ತು. ಅಮ್ಮ ಅಂದದ್ದು, ಕನಸಿನ ನಿಲ್ದಾಣ, ಹೋಗದೆ ಉಳಿದ ಮದುವೆ, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು.

ಬುಗುರಿ ಕೇಳಿಸಿಕೊಂಡಳು. "ಇದನ್ನ ಮೊದಲೇ ಹೇಳಿದ್ರೆ ಮಾವನ ಹೆಸರು ಎತ್ತುತ್ತಾನೇ ಇರಲಿಲ್ಲ," ಅಂದಳು ಮೆಲ್ಲಗೆ. ಕೈ ಚಾಚಲಿಲ್ಲ. ಚಾಚಲು ಮೈಯಲ್ಲಿ ತ್ರಾಣವಿರಲಿಲ್ಲವೋ ಮನಸ್ಸಿರಲಿಲ್ಲವೋ ಲೆಕ್ಕಿಗೆ ತಿಳಿಯಲಿಲ್ಲ. ಹೊರಡುವಾಗ ಬುಗುರಿ, "ಟಿಕೆಟ್ ಹಾಳು ಮಾಡ್ಬೇಡ. ನೀನು ಹೋಗು. ಭಾರ ಎತ್ತಬಾರದು ಅಂದಿದಾರೆ ಡಾಕ್ಟ್ರು, ನಾನಂತೂ ಈಗ ಬರಲ್ಲ," ಅಂದಳು.

"ನೀನಿಲ್ದೆ ಹೇಗೆ ಹೋಗ್ಲಿ?"

"ನಾನಿದ್ರೂ ನಾವು ಜೊತೇಲಿ ಹೋಗೋಕೆ ಆಗ್ತಿರಲಿಲ್ಲ ಅನ್ಸತ್ತೆ. ಒಬ್ಬಳೇ ಹೋಗು."

ಲೆಕ್ಕಿ ಹೋಗುವುದಿಲ್ಲವೆಂದು ಮನೆಯಲ್ಲಿ ಕೂತಳು. ಅಮ್ಮ ಕೆಲವು ದಿನ ನೋಡಿದರು. ಕೊನೆಗೆ ಅವಳ ಚೀಲವನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಿ ಅವಳ ಮುಂದಿಟ್ಟರು. "ನೀನು ಹೋಗ್ದೆ ಕೂತ್ರೆ ಆ ಹುಡುಗಿ ಹೊಟ್ಟೆ ಮೇಲಿನ ಗಾಯ ಮಾಯತ್ತಾ? ಕೆಲಸ ಬಿಟ್ಟಿದೀಯಾ, ದುಡ್ಡು ಕಟ್ಟಿದೀಯಾ. ಶಿಕ್ಷೆ ಬೇಕಿದ್ರೆ ಅಲ್ಲಿ ಹೋಗಿ ಅನುಭವಿಸು," ಅಂದರು.

ಹೋದಳು. ವಿಮಾನದಲ್ಲಿ ಪಕ್ಕದ ಸೀಟು ಖಾಲಿಯಿತ್ತು. ದಾರಿಯುದ್ದಕ್ಕೂ ಅದರ ಮೇಲೆ ಕೈಯನ್ನೂ ಇಡಲಿಲ್ಲ.

ಅವಳು ಎರಡು ವರ್ಷ ಕೂಡಿಸಿದ್ದ ಲೆಕ್ಕ ಮೊದಲ ವಾರದಲ್ಲೇ ತಲೆಕೆಳಗಾಯಿತು. ಅದು ಇಬ್ಬರಿಗೆ ಹಾಕಿದ ಲೆಕ್ಕ. ಇಬ್ಬರು ಹಂಚಿಕೊಳ್ಳಬೇಕಾದ ಕೋಣೆಗೆ ಈಗ ಒಬ್ಬಳೇ ತೆರಬೇಕಿತ್ತು. ಇಬ್ಬರಿಗೆಂದು ಬೇಯಿಸುವ ಆಲೂಗಡ್ಡೆ ಒಬ್ಬಳಿಗೆ ಮಿಕ್ಕಿ ಹಳಸುತ್ತಿತ್ತು. ನೋಡಬೇಕೆಂದಿದ್ದನ್ನು ನೋಡಿದಳು. ಹಿಮ ಮುಚ್ಚಿದ ಬೆಟ್ಟವನ್ನು ರೈಲಿನ ಕಿಟಕಿಯಿಂದ ಕಂಡಾಗ ಪಕ್ಕಕ್ಕೆ ತಿರುಗಿ ಮೊಣಕೈಯಿಂದ ತಿವಿಯಲು ಹೋದಳು. ಅಲ್ಲಿ ಯಾರೋ ಮುದುಕ ತೂಕಡಿಸುತ್ತಿದ್ದ. ಒಂದು ಊರಿನ ಸಾಲು ಮಂಚದ ಕೋಣೆಯಲ್ಲಿ ಒಬ್ಬ ಹುಡುಗಿ ತಲೆನೋವೆಂದು ಮಲಗಿದ್ದಳು. ಲೆಕ್ಕಿ ಅವಳನ್ನು ಬಿಡದೆ ಎಬ್ಬಿಸಿ, ತಾನೇ ದುಡ್ಡು ಕೊಟ್ಟು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ವೈದ್ಯ ಒಂದು ಮಾತ್ರೆ ಕೊಟ್ಟು ಮಲಗಲು ಹೇಳಿ ಕಳಿಸಿದ. ಆ ಹುಡುಗಿಗೆ ವಿಪರೀತ ರೇಗಿ, ಮಾರನೆಯ ದಿನ ಬೇರೆ ಕೋಣೆಗೆ ಹೋದಳು.

ಅರ್ಧ ದಾರಿಯಲ್ಲೇ ದುಡ್ಡು ತಳ ಕಂಡಿತು. ದುಬಾರಿ ದೇಶಗಳ ಗಡಿ ಮುಟ್ಟದೆ ಲೆಕ್ಕಿ ಊರಿಗೆ ಮರಳಿದಳು. ಕನ್ನಡಕದಂಗಡಿಯಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಿದ್ದರು. ಊರಾಚೆ ಗಾಜು ತಯಾರಿಸುವ ಕಾರ್ಖಾನೆಯೊಂದರಲ್ಲಿ ಸೇರಿಕೊಂಡಳು. ಬುಗುರಿಗೆ ಬಂದೆನೆಂದು ಸಂದೇಶ ಕಳಿಸಿದಳು. "ಸರಿ, ರೆಸ್ಟ್ ತಗೋ," ಎಂದು ಉತ್ತರ ಬಂತು. ಆಮೇಲೆ ಎರಡು ಕಡೆಯಿಂದಲೂ ಹಬ್ಬಹರಿದಿನದ ನೆಂಟರ ಹಾಗೆ ಅಪರೂಪಕ್ಕೊಂದು ಮಾತು.

ಮಳೆಗಾಲ ಕಳೆದ ಮೇಲೆ ಒಂದು ಶನಿವಾರ ಬುಗುರಿ ಫೋನು ಮಾಡಿ ಮನೆಗೆ ಬರುತ್ತೀಯಾ ಎಂದು ಕೇಳಿದಳು. ಬಾಗಿಲು ತೆರೆದವರು ಅವಳ ಅಮ್ಮ. ಲೆಕ್ಕಿಯನ್ನು ಮೇಲಿಂದ ಕೆಳಗೆ ನೋಡಿ, "ತುಂಬಾ ಇಳಿದುಹೋಗಿದೀಯಾ," ಅಂದರು. ಅಷ್ಟು ಹೇಳಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಬುಗುರಿ ಅಡುಗೆಕೋಣೆಯ ಮೇಜಿನ ಮುಂದೆ ಕೂತಿದ್ದಳು. ಮೈ ತುಂಬಿಕೊಂಡಿತ್ತು, ಕೂದಲಿಗೆ ಮತ್ತೆ ಕ್ಲೋರಿನ್ ವಾಸನೆ. ಈಜುಕೊಳದಲ್ಲಿ ಜೊತೆಗೆ ಕಲಿಸುವ ಒಬ್ಬಳೊಡನೆ ಬರುವ ವರ್ಷ ಹೊರಡುವುದೆಂದು ತೀರ್ಮಾನವಾಗಿತ್ತು. ಇಬ್ಬರಿಗೂ ಲೆಕ್ಕದ ತಲೆಬುಡ ತಿಳಿಯುವುದಿಲ್ಲವಂತೆ. "ನೀನು ಹೋಗಿ ಬಂದವಳು. ಒಂದು ದಿನಕ್ಕೆ ನಿಜವಾಗ್ಲೂ ಎಷ್ಟಾಗತ್ತೆ ಹೇಳು," ಅಂದಳು.

ಲೆಕ್ಕಿ ಕುರ್ಚಿ ಎಳೆದುಕೊಂಡು ಕೂತಳು. ಹಾಸಿಗೆಗೆ ಇಷ್ಟು, ಊಟಕ್ಕೆ ಇಷ್ಟು ಎಂದು ಒಂದೊಂದಾಗಿ ಹೇಳುತ್ತ ಹೋದಳು. ಬುಗುರಿ ಬರೆದುಕೊಂಡಳು, ನಡುನಡುವೆ ಪ್ರಶ್ನೆ ಕೇಳಿದಳು. ಒಂದೆರಡು ಸಲ ನಕ್ಕರು ಕೂಡ. ಯಾವ ಊರಿನಲ್ಲಿ ರೈಲು ತಡವಾಗುತ್ತದೆ, ಎಲ್ಲಿ ರಾತ್ರಿ ಚಳಿ ತಡೆಯುವುದಿಲ್ಲ, ಎಲ್ಲವನ್ನೂ ಲೆಕ್ಕಿ ಬಿಡದೆ ಹೇಳಿದಳು. ನೀನೂ ಬರುತ್ತೀಯಾ ಎಂದು ಬುಗುರಿ ಕೇಳಲಿಲ್ಲ. ನಾನೂ ಬರಲೇ ಎಂದು ಲೆಕ್ಕಿಯೂ ಕೇಳಲಿಲ್ಲ.

ಸಂಜೆ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಬುಗುರಿ ಬಾಗಿಲವರೆಗೆ ಬಂದಳು. "ಹೋದ ಮೇಲೆ ಏನಾದ್ರೂ ಗೊತ್ತಾಗದೇ ಇದ್ರೆ ಫೋನ್ ಮಾಡ್ಲಾ?"

"ಮಾಡು," ಅಂದಳು ಲೆಕ್ಕಿ. "ಯಾವ ಹೊತ್ತಾದ್ರೂ ಮಾಡು."

ಬೀದಿಯಲ್ಲಿ ಮಕ್ಕಳು ಆಡುತ್ತಿದ್ದರು. ಲೆಕ್ಕಿ ಬಸ್ಸಿನ ನಿಲ್ದಾಣಕ್ಕೆ ಹೋಗಿ, ದರ ಕೇಳದೆ ತನ್ನ ಕಡೆಯ ಮೊದಲ ಬಸ್ಸು ಹತ್ತಿದಳು.